ಬಂದ ಚೆಂಡನ್ನು ಬರಮಾಡಿಕೊಳ್ಳುವ ಬಗೆ

ಕಾಲ್ಚೆಂಡಿನ ಆಟವನ್ನು ನೋಡಲು ಮೈದಾನದ ಅಂಚಿನಲ್ಲಿ ನೆರೆಯುವ ಜನರ ಕಣ್ಣು ಸಾಮಾನ್ಯವಾಗಿ ಒದೆಯುವ ಕಾಲಿನ ಮೇಲೆಯೇ ನೆಟ್ಟಿರುತ್ತದೆ. ಚೆಂಡು ಎಷ್ಟು ಎತ್ತರಕ್ಕೆ ಹಾರಿತು, ಎಷ್ಟು ದೂರ ಸಾಗಿತು, ಬಲೆಯ ಯಾವ ಮೂಲೆಯನ್ನು ಹೊಕ್ಕಿತು ಎಂಬುದೇ ಅವರ ಮಾತಿನ ವಸ್ತು. ಒಬ್ಬನು ಕಳುಹಿಸಿದ ಚೆಂಡನ್ನು ಮತ್ತೊಬ್ಬನು ಪಡೆದುಕೊಳ್ಳುವ ಗಳಿಗೆಯೊಂದಿದೆ. ಅದು ಎವೆಯಿಕ್ಕುವಷ್ಟರಲ್ಲಿ ಮುಗಿದುಹೋಗುತ್ತದೆ. ಚೆನ್ನಾಗಿ ನಡೆದರೆ ಯಾರ ಗಮನಕ್ಕೂ ಬಾರದು. ಕೆಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಪಂಕ್ತಿಯಲ್ಲಿ ಬಡಿಸುವವನ ಕೈಯನ್ನು ಎಲ್ಲರೂ ನೋಡುತ್ತಾರೆ, ಉಣ್ಣಲು ಕುಳಿತವನು ಎಲೆಯನ್ನು ಸರಿಪಡಿಸಿಕೊಂಡುದನ್ನು ಯಾರು ನೋಡುತ್ತಾರೆ? ಎಲೆ ಸರಿಯಿಲ್ಲದಿದ್ದರೆ ಸಾರು ಹರಿದು ಪಕ್ಕದವನ ಪಂಚೆಗೆ ಬರುತ್ತದೆ, ಆಗ ನೋಡುತ್ತಾರೆ.

ಈ ಗಳಿಗೆಯನ್ನು ಆಂಗ್ಲರು ‘ಫಸ್ಟ್ ಟಚ್’ ಎನ್ನುತ್ತಾರೆ. ‘ಮೊದಲ ಸ್ಪರ್ಶ’ ಎಂದು ಕನ್ನಡಿಸಿದರೆ ಅರ್ಥವೇನೋ ಆಗುತ್ತದೆ, ಆದರೆ ಕ್ರಿಯೆಯ ಸ್ವರೂಪ ತಿಳಿಯುವುದಿಲ್ಲ. ಚೆಂಡನ್ನು ‘ತಡೆಯುವುದು’ ಎಂದರೆ ಅದರಲ್ಲಿ ಹಗೆತನದ ಛಾಯೆಯಿದೆ. ‘ಹಿಡಿಯುವುದು’ ಎನ್ನೋಣವೆಂದರೆ ಅದು ಕೈಯ ಕೆಲಸ, ಈ ಆಟದಲ್ಲಿ ಗೋಲಿನ ಕಾವಲುಗಾರನ ಹೊರತು ಬೇರಾರಿಗೂ ಅದಕ್ಕೆ ಅವಕಾಶವಿಲ್ಲ. ಕನ್ನಡದಲ್ಲಿ ‘ಬರಮಾಡಿಕೊಳ್ಳುವುದು’ ಎಂಬ ಸೊಗಸಾದ ಮಾತಿದೆ. ಮನೆಗೆ ಬರುವ ನೆಂಟನನ್ನು ಕಂಡೊಡನೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಇದಿರುಗೊಂಡು, ಬಳಿಕ ಅವನೊಡನೆಯೇ ಹಿಂದಿರುಗಿ ಹೆಜ್ಜೆಯಿಡುತ್ತ ಪಡಸಾಲೆಗೆ ಕರೆತರುವುದು ಬರಮಾಡಿಕೊಳ್ಳುವ ಕ್ರಮ. ನುರಿತ ಆಟಗಾರನ ಕಾಲು ಚೆಂಡಿಗೆ ಮಾಡುವುದು ಅಕ್ಷರಶಃ ಇದನ್ನೇ.

ಇದಕ್ಕೆ ಜಗತ್ತು ಕಂಡ ಉದಾಹರಣೆಯೊಂದನ್ನು ನೋಡಬಹುದು. 1998ರ ಜುಲೈ 4ರಂದು ಫ್ರಾನ್ಸಿನ ಮಾರ್ಸೇಯ್ ನಗರದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯವೊಂದು ನಡೆಯಿತು. ಹಾಲೆಂಡ್ ಮತ್ತು ಅರ್ಜೆಂಟೀನಾ ತಂಡಗಳು ತಲಾ ಒಂದು ಗೋಲು ಗಳಿಸಿ ಸಮಸಮವಾಗಿದ್ದವು. ಎರಡು ಪಕ್ಷಗಳಿಂದಲೂ ಒಬ್ಬೊಬ್ಬನು ಮೈದಾನದಿಂದ ಹೊರಹಾಕಲ್ಪಟ್ಟಿದ್ದನು. ನಿಗದಿತ ತೊಂಬತ್ತು ನಿಮಿಷಗಳು ಮುಗಿಯುತ್ತ ಬಂದಿದ್ದಾಗ ಹಾಲೆಂಡಿನ ಫ್ರಾಂಕ್ ಡಿ ಬೋರ್ ತನ್ನ ಪಾಳೆಯದೊಳಗಿನಿಂದ ಒದ್ದ ನೀಳವಾದ ಪಾಸ್ ಆಕಾಶಮಾರ್ಗದಲ್ಲಿ ಸಾಗಿ ಎದುರಾಳಿಗಳ ಪೆನಾಲ್ಟಿ ಆವರಣದ ಬಲಮಗ್ಗುಲಿಗೆ ಇಳಿಯಿತು. ಅದರ ಕೆಳಗೆ ಓಡಿ ಬಂದವನು ಡೆನ್ನಿಸ್ ಬರ್ಗ್‌ಕ್ಯಾಂಪ್. ಅವನು ನೆಲದಿಂದ ನೆಗೆದು, ಬಲಗಾಲನ್ನು ಮುಂಚಾಚಿ, ಹೆಗಲ ಹಿಂದಿನಿಂದ ಇಳಿಯುತ್ತಿದ್ದ ಚೆಂಡನ್ನು ಪಾದದ ಮೇಲೆ ತೆಗೆದುಕೊಂಡನು. ಅಷ್ಟು ದೂರದಿಂದ ಬಂದ ಚೆಂಡು, ತಾಯಿಯ ಮಡಿಲಿಗೆ ಬಿದ್ದ ಕೂಸಿನಂತೆ, ಇದ್ದ ವೇಗವನ್ನೆಲ್ಲ ಕಳೆದುಕೊಂಡು ಅವನ ಕಾಲಬಳಿಯಲ್ಲಿ ಇಳಿಯಿತು. ಎರಡನೆಯ ಸ್ಪರ್ಶದಲ್ಲಿ ಅದು ರಕ್ಷಕ ಅಯಾಲನ ಕಾಲುಗಳ ನಡುವಿನಿಂದ ಒಳಕ್ಕೆ ಸರಿಯಿತು. ಮೂರನೆಯ ಸ್ಪರ್ಶ ಬಲಪಾದದ ಹೊರಮೈಯಿಂದ; ಚೆಂಡು ಗೋಲಿನ ದೂರದ ಮೂಲೆಯನ್ನು ಹೊಕ್ಕಿತು. ಹಾಲೆಂಡ್ 2–1ರಿಂದ ಗೆದ್ದಿತು. ಮೂರೂ ಬಾರಿ ತಗುಲಿದ್ದು ಒಂದೇ ಬಲಗಾಲು. ಮೂರನೆಯ ಸ್ಪರ್ಶವನ್ನು ಕಂಡು ಜನಸಾಗರ ಎದ್ದು ನಿಂತಿತು. ಆದರೆ ಮೊದಲನೆಯದು ನಾಲ್ಕು ಅಂಗುಲ ತಪ್ಪಿದ್ದರೂ ಎರಡನೆಯದಕ್ಕೂ ಮೂರನೆಯದಕ್ಕೂ ಅವಕಾಶವೇ ಇರುತ್ತಿರಲಿಲ್ಲ.

ವ್ಯಾಕರಣವನ್ನು ಓದಿದವರಿಗೆ ಈ ಕ್ರಿಯೆ ಸಂಧಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಬರುವ ಚೆಂಡು ಪೂರ್ವಪದ. ಅದನ್ನು ಪಡೆದವನು ಮುಂದೆ ಮಾಡಬೇಕೆಂದಿರುವ ಕಾರ್ಯ ಉತ್ತರಪದ. ಎರಡೂ ಕೂಡುವ ಸ್ಥಳದಲ್ಲಿ ಪಾದವಿದೆ. ಕೆಲವೊಮ್ಮೆ ಇಲ್ಲಿ ಲೋಪವಾಗಬೇಕು: ಚೆಂಡಿನ ವೇಗ ಅಡಗಿ ಅದು ಕಾಲಬಳಿ ನಿಲ್ಲಬೇಕು. ಕೆಲವೊಮ್ಮೆ ಆಗಮ: ಮೆಲ್ಲಗೆ ಬಂದ ಚೆಂಡಿಗೆ ಹೊಸ ವೇಗವೊಂದು ಸೇರಿ ಅದು ಮುಂದಿನ ಬಯಲಿಗೆ ಜಾರಬೇಕು. ಬಹುಮಟ್ಟಿಗೆ ಆದೇಶ: ಬಂದ ದಿಕ್ಕಿನ ಸ್ಥಾನದಲ್ಲಿ ಬೇರೊಂದು ದಿಕ್ಕು ಬಂದು ನಿಲ್ಲಬೇಕು. ಯಾವ ಸ್ಥಳದಲ್ಲಿ ಯಾವುದು ವಿಹಿತವೆಂಬುದನ್ನು ಚೆಂಡು ಬರುವ ಮೊದಲೇ ನಿಶ್ಚಯಿಸಿರಬೇಕು. ಎಲ್ಲ ಚೆಂಡುಗಳನ್ನೂ ನಿಲ್ಲಿಸಿಯೇ ಮುಂದಿನ ಯೋಚನೆ ಮಾಡುವವನು ಪದಪದಕ್ಕೂ ನಿಂತು ಓದುವ ಎಳೆಯ ವಿದ್ಯಾರ್ಥಿಯಂತೆ. ಅಕ್ಷರ ತಪ್ಪುವುದಿಲ್ಲ, ಪದ್ಯ ಮಾತ್ರ ಕೇಳಿಸುವುದಿಲ್ಲ.

ವೇಗವನ್ನು ಅಡಗಿಸುವ ಬಗೆಗೆ ಭೌತಶಾಸ್ತ್ರವು ಸುಲಭವಾದ ವಿವರಣೆಯನ್ನು ಕೊಡುತ್ತದೆ. ದೊಡ್ಡವರು ಆಡುವ ಐದನೆಯ ನಂಬರಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಅಂತಹ ಚೆಂಡು ಸೆಕೆಂಡಿಗೆ 15 ಮೀಟರ್ ವೇಗದಿಂದ ಬಂದಿತೆನ್ನೋಣ. ಅದು ನಿಲ್ಲುವಷ್ಟರಲ್ಲಿ ಪಾದವು ಅದರೊಡನೆ 3 ಸೆಂಟಿಮೀಟರ್ ಮಾತ್ರ ಹಿಂದೆ ಸರಿದರೆ ತಗಲುವ ಬಲ ಒಂದು ಪ್ರಮಾಣದ್ದು. 30 ಸೆಂಟಿಮೀಟರ್ ಸರಿದರೆ ಆ ಬಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಾದವು ಗೋಡೆಯಂತೆ ಸೆಟೆದು ನಿಂತರಂತೂ ಚೆಂಡು ನಿಲ್ಲುವುದೇ ಇಲ್ಲ, ಬಂದ ದಾರಿಯಲ್ಲಿಯೇ ಪುಟಿದು ಎದುರಾಳಿಯ ವಶವಾಗುತ್ತದೆ. ಕಟ್ಟಡ ಕಟ್ಟುವಲ್ಲಿ ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಅಟ್ಟಣೆಯ ಮೇಲಿರುವ ಆಳು ಪಡೆಯುವ ರೀತಿಯನ್ನು ಎಲ್ಲರೂ ನೋಡಿದ್ದಾರೆ. ಅವನ ಕೈಗಳು ಮುಂದೆ ಚಾಚಿ ಇಟ್ಟಿಗೆಯನ್ನು ಮುಟ್ಟಿ, ಅದರ ಜೊತೆಯಲ್ಲಿಯೇ ಮೈಕಡೆಗೆ ಸರಿಯುತ್ತವೆ. ಅವನು ಯಾವ ಶಾಸ್ತ್ರವನ್ನೂ ಓದಿದವನಲ್ಲ. ಅಂಗೈ ಕಲಿಸಿದ ವಿದ್ಯೆ ಅದು.

ಕಾಲಿಗೆ ಅದೇ ವಿದ್ಯೆಯನ್ನು ಕಲಿಸುವುದು ಕೊಂಚ ಕಷ್ಟ, ಏಕೆಂದರೆ ಕಾಲು ಮೈಯನ್ನೂ ಹೊರಬೇಕು, ಕೆಲಸವನ್ನೂ ಮಾಡಬೇಕು. ಆದುದರಿಂದ ಮೊದಲ ಪಾಠ ಚೆಂಡನ್ನು ಮುಟ್ಟದ ಕಾಲಿನದು. ನೆಲವನ್ನೂರಿದ ಕಾಲು ಮಂಡಿಯಲ್ಲಿ ತುಸು ಬಾಗಿರಬೇಕು. ಹಿಮ್ಮಡಿ ನೆಲಕ್ಕೆ ಅಂಟಿರದೆ ಮುಂಗಾಲಿನ ಮೇಲೆ ಭಾರವಿರಬೇಕು. ಕೈಗಳು ತುಸು ಅಗಲಿಸಿ ತೂಕವನ್ನು ಕಾಯಬೇಕು. ಚೆಂಡನ್ನು ಪಡೆಯುವ ಕಾಲು ಆಗ ಸ್ವತಂತ್ರವಾಗುತ್ತದೆ. ನೆಲದ ಮೇಲೆ ಬರುವ ಚೆಂಡಿಗೆ ಪಾದದ ಒಳಮೈ ಅತ್ಯಂತ ನಂಬಿಕೆಯ ಜಾಗ, ಅದು ಅಗಲವಾಗಿದೆ. ಚೆಂಡಿನ ನಡುಮಟ್ಟಕ್ಕೆ ಪಾದವನ್ನೆತ್ತಿ ಮುಟ್ಟಿದರೆ ಅದು ನೆಲವನ್ನು ಬಿಡುವುದಿಲ್ಲ. ಅದಕ್ಕಿಂತ ಕೆಳಗೆ ಮುಟ್ಟಿದರೆ ಮೇಲಕ್ಕೇಳುತ್ತದೆ. ಅಂಗಾಲಿನಿಂದ ಒತ್ತಿ ನಿಲ್ಲಿಸುವುದು ಇಕ್ಕಟ್ಟಿನಲ್ಲಿ ಒಳ್ಳೆಯದು, ಓಟದಲ್ಲಿ ಅಪಾಯ. ಮೇಲಿನಿಂದ ಬರುವ ಚೆಂಡಿಗೆ ತೊಡೆಯೂ ಎದೆಯೂ ಇವೆ. ತೊಡೆಯನ್ನು ಮುಟ್ಟುವ ಗಳಿಗೆಯಲ್ಲಿ ಇಳಿಬಿಡಬೇಕು, ಎದೆಯಿಂದ ಪಡೆಯುವವನು ಉಸಿರನ್ನು ಹೊರಬಿಡುತ್ತ ಎದೆಗೂಡನ್ನು ತುಸು ಒಳಸೆಳೆದುಕೊಳ್ಳಬೇಕು. ಇದಿಷ್ಟು ಅಂಗವಿವರ. ಇಷ್ಟನ್ನು ಕಪ್ಪುಹಲಗೆಯ ಮೇಲೆಯೂ ಬರೆದು ತೋರಿಸಬಹುದು.

ಬರೆದು ತೋರಿಸಲು ಬಾರದುದು ನೋಟ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹತ್ತು ಮೀಟರ್ ದೂರದಿಂದ ಹೊರಟ ಚೆಂಡು ಕಾಲನ್ನು ತಲುಪಲು ಹೆಚ್ಚುಕಡಿಮೆ ಒಂದು ಸೆಕೆಂಡು ಸಾಕು. ಆ ಒಂದು ಸೆಕೆಂಡಿನಲ್ಲಿ ಎದುರಾಳಿಯಾದ ಹುಡುಗ ಐದಾರು ಮೀಟರ್ ಓಡಿ ಮೇಲೆ ಬೀಳುತ್ತಾನೆ. ಚೆಂಡು ಕಾಲಿಗೆ ಬಂದ ಮೇಲೆ ತಲೆಯೆತ್ತಿ ನೋಡುವವನಿಗೆ ಕಾಣುವುದು ಎದುರಾಳಿಯ ಮುಖವಷ್ಟೇ. ಆದಕಾರಣ ಬಲ್ಲವರು ಚೆಂಡು ಹೊರಡುವ ಮುನ್ನವೇ, ಅದು ಬೇರೊಬ್ಬನ ಕಾಲಲ್ಲಿರುವಾಗಲೇ, ಎಡಹೆಗಲಿನ ಮೇಲಿನಿಂದ ಒಮ್ಮೆ, ಬಲಹೆಗಲಿನ ಮೇಲಿನಿಂದ ಒಮ್ಮೆ ಹಿಂದಿರುಗಿ ನೋಡುತ್ತಾರೆ. ನಾರ್ವೆ ದೇಶದ ಗೆಯಿರ್ ಯೋರ್ಡೆಟ್ ಎಂಬ ವಿದ್ವಾಂಸರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ಚಿತ್ರೀಕರಣಗಳನ್ನು ಪರಿಶೀಲಿಸಿ, ಚೆಂಡನ್ನು ಪಡೆಯುವುದಕ್ಕೆ ಮೊದಲು ಹೀಗೆ ಹೆಚ್ಚು ಸಲ ಸುತ್ತ ನೋಡುವವರ ಮುಂದಿನ ಪಾಸುಗಳು ಹೆಚ್ಚು ಸಫಲವಾಗುವುದನ್ನು ತೋರಿಸಿಕೊಟ್ಟಿದ್ದಾರೆ. ‘ಚೆಂಡಿನ ಮೇಲೆ ಕಣ್ಣಿಡು’ ಎಂದು ಶಾಲೆಗಳಲ್ಲಿ ಕೂಗಿ ಹೇಳುವ ಉಪದೇಶ ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿದ ಹುಡುಗ ಚೆಂಡನ್ನು ಚೊಕ್ಕವಾಗಿ ಪಡೆದು, ತಿರುಗಿ, ನೇರವಾಗಿ ಎದುರಾಳಿಯ ಕಾಲಿಗೆ ಒಪ್ಪಿಸುತ್ತಾನೆ.

ನಿಲುವಿನದೂ ಇದೇ ಕಥೆ. ಚೆಂಡು ಬರುವ ದಿಕ್ಕಿಗೆ ಎದೆಯನ್ನು ಪೂರ್ಣ ತೆರೆದು ನಿಂತವನಿಗೆ ಬೆನ್ನ ಹಿಂದಿನ ಮೈದಾನವೆಲ್ಲ ಕತ್ತಲು. ಅರ್ಧ ತಿರುಗಿ ನಿಂತವನು ಚೆಂಡನ್ನು ತನಗೆ ದೂರವಾದ ಕಾಲಿಗೆ ಬರಗೊಟ್ಟು, ಅದು ಮೈಯನ್ನು ಹಾದುಹೋಗುವಾಗಲೇ ತಾನೂ ಜೊತೆಯಲ್ಲಿ ತಿರುಗುತ್ತಾನೆ. ಒಂದು ಹೆಜ್ಜೆ ಉಳಿಯುತ್ತದೆ. ಆ ಒಂದು ಹೆಜ್ಜೆಗಾಗಿಯೇ ಈ ಆಟದಲ್ಲಿ ಇಷ್ಟೆಲ್ಲ ಹೋರಾಟ.

ಮೊದಲ ಸ್ಪರ್ಶದ ವಿಚಾರದಲ್ಲಿ ಕನ್ನಡ ನಾಡಿಗೆ ತನ್ನದೇ ಆದ ಪರಂಪರೆಯಿದೆ. ಅದನ್ನು ಇಂದಿನ ಮಕ್ಕಳು ಅರಿಯದಿರುವುದು ಖೇದದ ಸಂಗತಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು 2–1ರಿಂದ ಸೋತಿತು. ಭಾರತದ ಬಹುಪಾಲು ಆಟಗಾರರು ಅಂದು ಆಡಿದ್ದು ಬರಿಗಾಲಿನಲ್ಲಿ. ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾಗದಿದ್ದರೆ ಪಂದ್ಯದ ಗತಿಯೇ ಬೇರೆಯಾಗುತ್ತಿತ್ತು. ಆ ಒಂದು ಗೋಲನ್ನು ಗಳಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ ‘ಹಾವಾಡಿಗ’ನೆಂಬ ಬಿರುದನ್ನೇ ಪಡೆದರು. ಚೆಂಡು ಅವರ ಪಾದವನ್ನು ಬಿಡದೆ ಹಾವಿನಂತೆ ಆಡುತ್ತಿತ್ತೆಂದು ಕಂಡವರು ಹೇಳುತ್ತಿದ್ದರು. ಬರಿಯ ಪಾದಕ್ಕೆ ತೊಗಲಿನ ಅರಿವು ನೇರವಾಗಿ ಸಿಗುತ್ತದೆ. ಚೆಂಡಿನ ಹೊಲಿಗೆ, ಬ್ಲಾಡರಿನ ಬಿಗಿ, ಮೈದಾನದ ಮರಳು ಎಲ್ಲವೂ ಅದಕ್ಕೆ ಗೊತ್ತಾಗುತ್ತವೆ. ನೋಯುವ ಕಾಲು ತಾನಾಗಿಯೇ ಹಿಂದೆ ಸರಿಯುವುದನ್ನು ಕಲಿಯುತ್ತದೆ.

ಆದರೆ ಬರಿಗಾಲನ್ನು ಕುರಿತು ಕುರುಡು ಅಭಿಮಾನವೂ ಸಲ್ಲದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಉತ್ತರದ ಚಳಿಯಲ್ಲಿ ಇದೇ ಬರಿಗಾಲಿನ ತಂಡ ಯುಗೋಸ್ಲಾವಿಯಾದ ಎದುರು 10–1ರಿಂದ ಸೋತಿತು. ಆ ಒಂದು ಗೋಲು ಅಹಮದ್ ಖಾನರದು. ಬಳಿಕವೇ ಭಾರತದಲ್ಲಿ ಬೂಟು ಕಡ್ಡಾಯವಾದುದು. ಬರಿಗಾಲಿಗೆ ನಿಷೇಧವಿದ್ದ ಕಾರಣದಿಂದಲೇ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲವೆಂಬ ಕಥೆಯೊಂದು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಅಂದಿನ ನಾಯಕ ಶೈಲೇನ್ ಮನ್ನಾ ಅವರೇ ಅದನ್ನು ಅಲ್ಲಗಳೆದಿದ್ದರು. ಇರಲಿ. ಬೂಟು ಬಂದ ಮೇಲೂ ನಾಡಿನ ಆಟ ಮುಂದುವರಿಯಿತು. 1968–69ರಲ್ಲಿ ಅಂದಿನ ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅನಂತರ ಐವತ್ತನಾಲ್ಕು ವರ್ಷ ಕಾದು, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕವು ಮತ್ತೆ ಅದನ್ನು ತಂದಿತು. ಎರಡು ತಲೆಮಾರುಗಳ ಕಾಯುವಿಕೆಗೆ ಕಾರಣಗಳು ಹಲವಿರಬಹುದು. ಶಾಲೆಗಳ ಮೈದಾನಗಳನ್ನು ನೋಡಿದವರಿಗೆ ಒಂದಾದರೂ ಹೊಳೆಯದೆ ಇರದು.

ಪ್ರೌಢಶಾಲೆಯೊಂದರ ಆಟದ ಅವಧಿಯನ್ನೇ ತೆಗೆದುಕೊಳ್ಳೋಣ. ನಲವತ್ತು ನಿಮಿಷ, ಮೂವತ್ತು ಮಕ್ಕಳು, ಒಂದು ಚೆಂಡು. ಸಮವಾಗಿ ಹಂಚಿದರೂ ತಲೆಗೆ ಎಂಬತ್ತು ಸೆಕೆಂಡು ಬರುತ್ತದೆ. ಆದರೆ ಆಟದಲ್ಲಿ ಸಮವಾದ ಹಂಚಿಕೆಯೆಲ್ಲಿಯದು? ಬಲ್ಲ ನಾಲ್ಕೈದು ಹುಡುಗರ ಸುತ್ತಲೇ ಚೆಂಡು ತಿರುಗುತ್ತದೆ. ಉಳಿದವರಲ್ಲಿ ಒಬ್ಬನಿಗೆ ಅಪರೂಪಕ್ಕೆ ಪಾಸ್ ಬರುತ್ತದೆ. ಎಲ್ಲರೂ ನೋಡುತ್ತಿದ್ದಾರೆಂಬ ಅಂಜಿಕೆಯಿಂದ ಅವನ ಮೈ ಸೆಟೆಯುತ್ತದೆ. ಸೆಟೆದ ಕಾಲಿನಿಂದ ಚೆಂಡು ಪುಟಿದು ಗೆರೆಯಾಚೆ ಹೋಗುತ್ತದೆ. ಗೆಳೆಯರು ಕೂಗುತ್ತಾರೆ. ಮುಂದೆ ಅವನಿಗೆ ಯಾರೂ ಕೊಡುವುದಿಲ್ಲ. ಕೊಡದುದರಿಂದ ಅವನು ಕಲಿಯುವುದಿಲ್ಲ, ಕಲಿಯದುದರಿಂದ ಕೊಡುವುದಿಲ್ಲ. ಒಂದೆರಡು ತಿಂಗಳಲ್ಲಿ ಅವನು ಗೋಲಿನ ಹಿಂದೆ ನಿಂತು ಹೊರಹೋದ ಚೆಂಡನ್ನು ಹೆಕ್ಕಿಕೊಡುವ ಕೆಲಸಕ್ಕೆ ನೇಮಕವಾಗಿರುತ್ತಾನೆ. ‘ಅವನಿಗೆ ಆಟ ಬರುವುದಿಲ್ಲ’ ಎಂದು ಶಾಲೆಯೂ, ಶಾಲೆಯ ಮಾತನ್ನು ನಂಬಿ ಮನೆಯೂ ತೀರ್ಮಾನಿಸುತ್ತವೆ. ಹುಡುಗಿಯರ ವಿಷಯದಲ್ಲಂತೂ ಈ ತೀರ್ಮಾನ ಎಷ್ಟೋ ಕಡೆ ಚೆಂಡನ್ನು ಮುಟ್ಟುವ ಮೊದಲೇ ಆಗಿರುತ್ತದೆ. ಇಲ್ಲಿ ಕಾಲಿನ ದೋಷ ಎಷ್ಟು, ಎಂಬತ್ತು ಸೆಕೆಂಡಿನ ದೋಷ ಎಷ್ಟು ಎಂದು ಅಳೆದವರು ಯಾರು? ಗಣಿತದಲ್ಲಿ ಹಿಂದುಳಿದ ಹುಡುಗನಿಗೆ ಹೆಚ್ಚು ಲೆಕ್ಕ ಕೊಟ್ಟು ಮಾಡಿಸುತ್ತಾರೆ. ಚೆಂಡಿನಲ್ಲಿ ಹಿಂದುಳಿದವನಿಂದ ಚೆಂಡನ್ನೇ ಕಿತ್ತುಕೊಳ್ಳುವುದು ಯಾವ ಬೋಧನಕ್ರಮ?

ಪರಿಹಾರ ದುಬಾರಿಯಲ್ಲ. ಬರ್ಗ್‌ಕ್ಯಾಂಪ್ 2013ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಆಮ್‌ಸ್ಟರ್‌ಡ್ಯಾಮಿನ ಬಾಲ್ಯದಲ್ಲಿ ಗೋಡೆಗೆ ಚೆಂಡನ್ನು ಒದ್ದು, ಅದು ಹೇಗೆ ಪುಟಿದು ಬರುತ್ತದೆಂದು ನೋಡುತ್ತ, ಮರಳಿ ಪಡೆಯುತ್ತ ಒಬ್ಬನೇ ಗಂಟೆಗಟ್ಟಲೆ ಕಳೆದುದನ್ನು ಹೇಳಿಕೊಂಡಿದ್ದಾನೆ. ಗೋಡೆಗೆ ಬೇಸರವಿಲ್ಲ, ಅದು ಯಾರನ್ನೂ ಹಂಗಿಸುವುದಿಲ್ಲ, ತಪ್ಪಿದವನಿಗೂ ಮತ್ತೆ ಕೊಡುತ್ತದೆ. ಕಿಟಕಿಯಿಲ್ಲದ ಒಂದು ಗೋಡೆ ಯಾವ ಶಾಲೆಯಲ್ಲಿ ಇಲ್ಲ? ಐದು ಹೆಜ್ಜೆ ದೂರದಿಂದ ಒಳಪಾದದಲ್ಲಿ ಒದ್ದು, ಮರಳಿ ಬಂದುದನ್ನು ಒಂದು ಸ್ಪರ್ಶದಲ್ಲಿ ಪಕ್ಕಕ್ಕೆ ಸರಿಸಿ, ಎರಡನೆಯದರಲ್ಲಿ ಮತ್ತೆ ಗೋಡೆಗೆ ಕಳುಹಿಸುವುದು. ಬಲಗಾಲಿನಿಂದ ಐವತ್ತು, ಎಡಗಾಲಿನಿಂದ ಐವತ್ತು. ಎಡಗಾಲಿನ ಐವತ್ತು ಮೊದಲ ವಾರ ಅಳು ಬರಿಸುತ್ತದೆ. ಎಡಗೈಯಲ್ಲಿ ಓಲೆಯನ್ನು ಹಿಡಿದು ಬಲಗೈಯ ಕಂಠದಿಂದ ಬರೆಯುತ್ತಿದ್ದ ಹಿಂದಿನ ಲಿಪಿಕಾರರಿಗೆ ಎರಡು ಕೈಗಳೂ ವಿದ್ಯೆ ಕಲಿತಿರಬೇಕಾಗಿತ್ತು. ಆಟಗಾರನ ಎರಡನೆಯ ಕಾಲಿಗೂ ಆ ಋಣವಿದೆ.

ಗೋಡೆಯಿಂದ ಒಂದು ಕೊರತೆಯಿದೆ: ಅದು ಎದುರಾಳಿಯನ್ನು ಕೊಡಲಾರದು. ಅದಕ್ಕಾಗಿ ಐದಾರು ಮಕ್ಕಳು ವೃತ್ತಾಕಾರದಲ್ಲಿ ನಿಂತು, ನಡುವಿನಲ್ಲಿರುವ ಒಬ್ಬಿಬ್ಬರಿಗೆ ಸಿಗದಂತೆ ಚೆಂಡನ್ನು ಪರಸ್ಪರ ಕೊಡುವ ಅಭ್ಯಾಸವಿದೆ. ಸ್ಪೇನಿನವರು ಇದನ್ನು ‘ರೊಂಡೊ’ ಎನ್ನುತ್ತಾರೆ. 1988ರಿಂದ 1996ರವರೆಗೆ ಬಾರ್ಸಿಲೋನಾ ತಂಡದ ಗುರುವಾಗಿದ್ದ ಯೊಹಾನ್ ಕ್ರೈಫ್ ತನ್ನ ಶಿಕ್ಷಣಕ್ರಮದಲ್ಲಿ ಇದಕ್ಕೆ ಬಹಳ ಪ್ರಾಮುಖ್ಯ ಕೊಟ್ಟಿದ್ದನು. 1986ರಲ್ಲಿ ಹದಿಹರೆಯದ ಬರ್ಗ್‌ಕ್ಯಾಂಪನನ್ನು ಆಯಾಕ್ಸ್ ತಂಡದಲ್ಲಿ ಮೊದಲು ಕಣಕ್ಕಿಳಿಸಿದವನೂ ಇದೇ ಕ್ರೈಫ್. ನಮ್ಮ ಮಕ್ಕಳಿಗೆ ಇದು ಹೊಸದೇನಲ್ಲ. ಕೇರಿಯಲ್ಲಿ ಕೈಚೆಂಡಿನಿಂದ ಇದೇ ಬಗೆಯಲ್ಲಿ ನಡುವಿನವನನ್ನು ಕಾಡಿಸುತ್ತ ಬಂದಿದ್ದಾರೆ. ವೃತ್ತವನ್ನು ಮೊದಲು ದೊಡ್ಡದಾಗಿಟ್ಟು, ಕೈ ಕುದುರಿದಂತೆ, ಎಂದರೆ ಕಾಲು ಕುದುರಿದಂತೆ, ಚಿಕ್ಕದು ಮಾಡುತ್ತ ಹೋಗಬೇಕು. ಚೆಂಡನ್ನು ಕಳೆದುಕೊಂಡವನು ನಡುವಿಗೆ ಬರುತ್ತಾನೆ, ಆಟದಿಂದ ಹೊರಗೆ ಹೋಗುವುದಿಲ್ಲ. ಈ ನಿಯಮವನ್ನು ಮೊದಲು ಮಾಡಿದವನು ಮಕ್ಕಳ ಮನಸ್ಸನ್ನು ಬಲ್ಲವನಾಗಿರಬೇಕು.

ಆದರೆ ಇವೆಲ್ಲಕ್ಕೂ ಚೆಂಡುಗಳು ಬೇಕು. ಶಾಲೆಗಳಿಗೆ ಉದಾರವಾಗಿ ನೆರವು ನೀಡುವ ಮಹನೀಯರು ಹೆತ್ತವರ ಹೆಸರಿನಲ್ಲಿ ಬೆಳ್ಳಿಯ ಲೇಪದ ಪಾರಿತೋಷಕಗಳನ್ನು, ಢಾಲುಗಳನ್ನು ಕೊಡುವುದು ರೂಢಿಯಾಗಿದೆ. ಅವು ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಕಪಾಟಿನಲ್ಲಿ ಭದ್ರವಾಗಿರುತ್ತವೆ; ಗೆದ್ದ ಹನ್ನೊಂದು ಮಂದಿ ವರ್ಷಕ್ಕೊಮ್ಮೆ ಅವುಗಳನ್ನು ಮುಟ್ಟುತ್ತಾರೆ. ಅಷ್ಟೇ ಹಣಕ್ಕೆ ಬರುವ ಹತ್ತು ಹದಿನೈದು ಚೆಂಡುಗಳನ್ನು, ಒಂದು ಗಾಳಿಪಂಪನ್ನು ಕೊಟ್ಟರೆ ಅವು ಒಂದೆರಡು ವರ್ಷಗಳಲ್ಲಿ ಸವೆದು ಹರಿದುಹೋಗುತ್ತವೆ, ದಾನಿಗಳ ಹೆಸರೂ ತೊಗಲಿನ ಮೇಲೆ ಉಳಿಯುವುದಿಲ್ಲ. ಆದರೆ ಮೂವತ್ತು ಮಕ್ಕಳಿಗೆ ಹದಿನೈದು ಚೆಂಡುಗಳಾದರೆ ಅದೇ ನಲವತ್ತು ನಿಮಿಷಗಳಲ್ಲಿ ಪ್ರತಿಯೊಬ್ಬನ ಪಾಲು ಎಂಬತ್ತು ಸೆಕೆಂಡಿನಿಂದ ಇಪ್ಪತ್ತು ನಿಮಿಷಕ್ಕೆ ಏರುತ್ತದೆ. ಹನ್ನೆರಡು ವರ್ಷದೊಳಗಿನವರಿಗೆ ನಾಲ್ಕನೆಯ ನಂಬರಿನ ಚಿಕ್ಕ ಚೆಂಡೇ ತಕ್ಕುದು. ಎಳೆಯ ಕಾಲಿಗೆ ದೊಡ್ಡ ಚೆಂಡನ್ನು ಕೊಟ್ಟರೆ ನೋವನ್ನೂ ಭಯವನ್ನೂ ಕಲಿಸಿದಂತಾಗುತ್ತದೆ.

ಇಷ್ಟು ಹೇಳಿದ ಮೇಲೆ, ಕೊಡುವವನ ಹೊಣೆಯನ್ನೂ ಹೇಳದಿದ್ದರೆ ಮಾತು ಒಂದು ಪಕ್ಷವಾಗುತ್ತದೆ. ಗೆಳೆಯನ ಬೆನ್ನ ಹಿಂದೆ ಎಡಗಡೆಯಿಂದ ಎದುರಾಳಿ ಬರುತ್ತಿರುವಾಗ ಚೆಂಡನ್ನು ಅವನ ಬಲಗಾಲಿಗೆ ಕೊಡಬೇಕು. ಮೊಣಕಾಲಿನ ಎತ್ತರಕ್ಕೆ ಪುಟಿಯುತ್ತ ಹೋಗುವ ಪಾಸನ್ನು ಒದ್ದು, ಅವನು ತಪ್ಪಿದಾಗ ಕೈಯೆತ್ತಿ ಬೈಯುವುದು ಸಜ್ಜನಿಕೆಯಲ್ಲ. ಚೆಂಡಿನ ಜೊತೆಯಲ್ಲಿ ಒಂದು ಮಾತನ್ನೂ ಕಳುಹಿಸಬೇಕು. ಹಿಂದೆ ಬಯಲಿದ್ದರೆ ‘ತಿರುಗು’, ಎದುರಾಳಿ ಬಂದಿದ್ದರೆ ‘ಹಿಂದಿದ್ದಾನೆ’, ಸಮಯವಿದ್ದರೆ ‘ನಿಧಾನ’. ಮೂರೂ ಚಿಕ್ಕ ಮಾತುಗಳು. ಚೆಂಡು ತಲುಪುವ ಒಂದು ಸೆಕೆಂಡಿನೊಳಗೆ ಧಾರಾಳವಾಗಿ ಹೇಳಿ ಮುಗಿಸಬಹುದು.